ಊರಿನ ಸಹಾಯಾರ್ಥ ಓಟ: ಮನೆಮಂದಿಯೊಂದಿಗೆ ಓಡುವವರಿಗೂ, ಓಟ ನಡೆಸುವವರಿಗೂ

ರೋಗಿಯೊಬ್ಬರ ಚಿಕಿತ್ಸೆಗೆ, ಮನೆ ಕಳೆದುಕೊಂಡ ಕುಟುಂಬಕ್ಕೆ ಅಥವಾ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಹಣ ಕೂಡಿಸುವ ಸಲುವಾಗಿ ಜನರು ಒಟ್ಟು ಸೇರಿ ಗೊತ್ತುಪಡಿಸಿದ ದೂರವನ್ನು ಓಡುವ ಅಥವಾ ನಡೆಯುವ ಕಾರ್ಯಕ್ರಮವೇ ಸಹಾಯಾರ್ಥ ಓಟ. ನಮ್ಮ ಕರಾವಳಿಯ ಚರ್ಚ್‌ಗಳಲ್ಲಿ ಇಂಥ ಉದ್ದೇಶಗಳಿಗೆ ಲಕ್ಕಿ ಡಿಪ್, ಸಹಾಯಾರ್ಥ ನಾಟಕ, ಹೌಸಿ ಹೌಸಿ, ಕ್ರಿಕೆಟ್ ಪಂದ್ಯಾಟಗಳು ಬಹಳ ಹಿಂದಿನಿಂದಲೂ ನಡೆದು ಬಂದಿವೆ. ಓಟ ಈ ಸಾಲಿಗೆ ತಡವಾಗಿ ಸೇರಿಕೊಂಡದ್ದು. ಆದರೆ ಅದಕ್ಕೆ ಉಳಿದವುಗಳಿಗಿಲ್ಲದ ಒಂದು ಗುಣವಿದೆ. ಪಂದ್ಯಾಟದಲ್ಲಿ ಮನೆಯ ಒಬ್ಬ ಹುಡುಗ ಆಡುತ್ತಾನೆ, ಉಳಿದವರು ಬದಿಯಲ್ಲಿ ಕುಳಿತು ನೋಡುತ್ತಾರೆ. ಓಟದಲ್ಲಿ ಎಂಟು ವರ್ಷದ ಮಗು, ಅದರ ತಾಯಿ, ಎಪ್ಪತ್ತರ ಅಜ್ಜ ಎಲ್ಲರೂ ಒಂದೇ ರಸ್ತೆಯಲ್ಲಿ ಇರುತ್ತಾರೆ.

ಇಲ್ಲಿ ನಾವು ಹೇಳಹೊರಟಿರುವುದು ನೂರರಿಂದ ಮುನ್ನೂರು ಮಂದಿ ಸೇರುವ, ಒಂದು ಚರ್ಚ್ ಅಥವಾ ಒಂದು ಊರಿನವರೇ ನಡೆಸುವ ಸಣ್ಣ ಓಟದ ಬಗ್ಗೆ. ಮೊದಲು ಯಾರು ಬಂದರು ಎಂಬುದು ಇಂಥ ಓಟದಲ್ಲಿ ಸಣ್ಣ ವಿಷಯ. ಕೊನೆಯವರು ಕ್ಷೇಮವಾಗಿ ಬಂದರೇ, ಕೂಡಿದ ಹಣ ತಲಪಬೇಕಾದವರಿಗೆ ತಲಪಿತೇ ಎಂಬ ಎರಡು ಪ್ರಶ್ನೆಗಳೇ ದೊಡ್ಡವು. ಮುಂದಿನ ಮಾಹಿತಿಯೆಲ್ಲ ಈ ಎರಡಕ್ಕೇ ಸಂಬಂಧಿಸಿದ್ದು.

ಟೆರಿ ಫಾಕ್ಸ್ ಮತ್ತು ಅವರ ಮನೆಯವರು

ಸಹಾಯಾರ್ಥ ಓಟದ ಇತಿಹಾಸದಲ್ಲಿ ಮೊದಲು ನೆನಪಿಗೆ ಬರುವ ಹೆಸರು ಕೆನಡಾದ ಟೆರಿ ಫಾಕ್ಸ್ ಅವರದು. 1958ರಲ್ಲಿ ಜನಿಸಿದ ಅವರಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಎಲುಬಿನ ಕ್ಯಾನ್ಸರ್ ಕಾಣಿಸಿಕೊಂಡಿತು. 1977ರಲ್ಲಿ ಅವರ ಬಲಗಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ತನ್ನ ಸುತ್ತ ನರಳುತ್ತಿದ್ದ ರೋಗಿಗಳನ್ನು ಕಂಡ ಆ ಯುವಕ ಕ್ಯಾನ್ಸರ್ ಸಂಶೋಧನೆಗೆ ಹಣ ಸಂಗ್ರಹಿಸಲು ಕೃತಕ ಕಾಲಿನಲ್ಲೇ ದೇಶದ ಉದ್ದಕ್ಕೂ ಓಡಲು ತೀರ್ಮಾನಿಸಿದರು. 1980ರ ಏಪ್ರಿಲ್ 12ರಂದು ಸೈಂಟ್ ಜಾನ್ಸ್ ನಗರದಿಂದ ಹೊರಟು 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದರು. ಸೆಪ್ಟೆಂಬರ್ 1ರಂದು ಥಂಡರ್ ಬೇ ಸಮೀಪ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಪ್ರತಿಯೊಬ್ಬ ಕೆನಡಿಯನ್‌ನಿಂದ ಒಂದು ಡಾಲರ್ ಬರಬೇಕೆಂಬುದು ಅವರ ಆಸೆಯಾಗಿತ್ತು. ಆಗ ದೇಶದ ಜನಸಂಖ್ಯೆ ಸುಮಾರು 2.4 ಕೋಟಿ. 1981ರ ಫೆಬ್ರವರಿ ವೇಳೆಗೆ ಸಂಗ್ರಹ ಆ ಸಂಖ್ಯೆಯನ್ನು ಮುಟ್ಟಿತು. ಅದೇ ವರ್ಷ ಜೂನ್ 28ರಂದು ಅವರು ತೀರಿಕೊಂಡರು. ವಯಸ್ಸು 22.

ಈ ಕತೆಯಲ್ಲಿ ಅಷ್ಟಾಗಿ ಹೇಳದೆ ಬಿಡುವ ಭಾಗ ಮನೆಯವರದು. ಗೆಳೆಯ ಡಗ್ ಆಲ್ವರ್ಡ್ ವ್ಯಾನ್ ಓಡಿಸುತ್ತಿದ್ದರು. ದಾರಿಯ ಆಯಾಸದಲ್ಲಿ ಗೆಳೆಯರಿಬ್ಬರ ನಡುವೆ ಮಾತೇ ನಿಂತುಹೋಗುವಷ್ಟು ಮನಸ್ತಾಪ ಬಂದಾಗ 17 ವರ್ಷದ ತಮ್ಮ ಡ್ಯಾರೆಲ್ ಬಂದು ಸೇರಿಕೊಂಡ, ಜಗಳ ತಣಿಯಿತು. ಟೆರಿ ತೀರಿಕೊಂಡ ಬಳಿಕ ತಾಯಿ ಬೆಟ್ಟಿ ಫಾಕ್ಸ್ 2011ರಲ್ಲಿ ತಮ್ಮ ನಿಧನದವರೆಗೂ ಮಗನ ಹೆಸರಿನ ಓಟದ ಕೆಲಸದಲ್ಲಿ ತೊಡಗಿಕೊಂಡಿದ್ದರು. ಮೊದಲ ಟೆರಿ ಫಾಕ್ಸ್ ಓಟ 1981ರ ಸೆಪ್ಟೆಂಬರ್ 13ರಂದು ನಡೆದು ಸುಮಾರು ಮೂರು ಲಕ್ಷ ಜನ ಭಾಗವಹಿಸಿದರು. ಮುಂದೆ ಅದು ಅನೇಕ ದೇಶಗಳಿಗೆ ಹರಡಿತು. ನಮ್ಮವರು ಬಹಳ ಮಂದಿ ಇರುವ ಅಬುಧಾಬಿ, ದುಬೈಗಳಲ್ಲೂ, ಚೆನ್ನೈಯ ಐಐಟಿ ಆವರಣದಲ್ಲೂ ನಡೆದಿದೆ. ಈ ಓಟದಲ್ಲಿ ಸ್ಪರ್ಧೆ ಇಲ್ಲ. ಕೊಡಲೇಬೇಕಾದ ಕನಿಷ್ಠ ಮೊತ್ತವೂ ಇಲ್ಲ. ಓಡಿದರೂ ಸರಿ, ನಡೆದರೂ ಸರಿ, ಗಾಲಿಕುರ್ಚಿಯಲ್ಲಿ ಬಂದರೂ ಸರಿ. ಸಣ್ಣ ಊರಿನ ಓಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ದೊಡ್ಡ ಓಟಗಳ ಜತೆ ದಾನ ಸೇರಿಕೊಂಡದ್ದು ಮುಖ್ಯವಾಗಿ 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್‌ನಿಂದ. 2008ರಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟ ಬಂತು. ಅಲ್ಲಿ ಪ್ರಾಯೋಜಕರು, ಸಮಯ ಅಳೆಯುವ ಚಿಪ್, ಟಿವಿ ಪ್ರಸಾರ ಎಲ್ಲ ಇರುತ್ತದೆ. ಅವುಗಳನ್ನು ನೋಡಿ ಬಂದ ಯುವಕರು ಊರಲ್ಲೂ ಅದೇ ರೀತಿ ಮಾಡಲು ಹೊರಟರೆ ಬಂದ ಹಣ ಕಮಾನು, ಟೀಶರ್ಟ್, ಡಿಜೆಗಳಿಗೇ ಮುಗಿಯುತ್ತದೆ. ಹಣದ ವಿಷಯಕ್ಕೆ ಮುಂದೆ ಬರೋಣ.

ಮನೆಯ ನಿಧಾನದವರೇ ವೇಗ ನಿಶ್ಚಯಿಸಲಿ

ಕುಟುಂಬಗಳು ಸೇರುವ ಓಟಕ್ಕೆ ಐದು ಕಿಲೋಮೀಟರ್ ಸಾಕು. ಸಾಮಾನ್ಯ ಆರೋಗ್ಯವಿರುವವರು ಇದನ್ನು ಒಂದು ಗಂಟೆಯಲ್ಲಿ ಅಥವಾ ಸ್ವಲ್ಪ ಹೆಚ್ಚಿನ ಹೊತ್ತಿನಲ್ಲಿ ನಡೆದೇ ಮುಗಿಸಬಹುದು. ಸಣ್ಣ ಮಕ್ಕಳಿಗೆ ಒಂದರಿಂದ ಎರಡು ಕಿಲೋಮೀಟರ್‌ನ ಬೇರೆ ಓಟ ಇಡುವುದು ಒಳ್ಳೆಯದು. ಹತ್ತು ಕಿಲೋಮೀಟರ್ ಸೇರಿಸಬೇಕೆಂಬ ಒತ್ತಾಯ ಪ್ರತೀ ಸಮಿತಿಯಲ್ಲೂ ಒಬ್ಬಿಬ್ಬರಿಂದ ಬರುತ್ತದೆ. ಆದರೆ ಹತ್ತು ಕಿಲೋಮೀಟರ್ ಇಟ್ಟರೆ ರಸ್ತೆಯನ್ನು ಇನ್ನೂ ಒಂದು ಗಂಟೆ ಕಾಯಬೇಕು, ಸ್ವಯಂಸೇವಕರು ಎರಡು ಪಾಲು ಬೇಕು, ಕೊನೆಯವರು ಬರುವಾಗ ಬಿಸಿಲೇರಿರುತ್ತದೆ. ಮೊದಲ ವರ್ಷ ಬೇಡ ಎಂದೇ ನಮ್ಮ ಸಲಹೆ.

ಇಂಗ್ಲೆಂಡಿನ ಪಾರ್ಕ್‌ರನ್‌ನಿಂದ ಎರಡು ಒಳ್ಳೆಯ ಪದ್ಧತಿಗಳನ್ನು ತೆಗೆದುಕೊಳ್ಳಬಹುದು. 2004ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ ಬರೇ 13 ಓಟಗಾರರಿಂದ ಆರಂಭವಾದ ಈ ಉಚಿತ ಐದು ಕಿಲೋಮೀಟರ್ ಓಟ ಈಗ ಹಲವು ದೇಶಗಳಲ್ಲಿ ಪ್ರತೀ ವಾರ ನಡೆಯುತ್ತದೆ. ಅದು ದಾನಕ್ಕಾಗಿ ನಡೆಯುವ ಓಟ ಅಲ್ಲ. ಆದರೂ ಮನೆಮಂದಿ ಸೇರುವ ಓಟವನ್ನು ಹೇಗೆ ನಡೆಸಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ. ಮೊದಲನೆಯದು, ಹನ್ನೊಂದು ವರ್ಷದೊಳಗಿನ ಮಗು ಹೆತ್ತವರ ಅಥವಾ ಜವಾಬ್ದಾರಿಯುತ ಹಿರಿಯರೊಬ್ಬರ ಕೈಗೆಟಕುವ ದೂರದಲ್ಲೇ ಇರಬೇಕೆಂಬ ನಿಯಮ. ಎರಡನೆಯದು, ಎಲ್ಲರ ಹಿಂದಿನಿಂದ ಒಬ್ಬ ಸ್ವಯಂಸೇವಕ ನಡೆದು ಬರುವುದು. ಇದರಿಂದ ಓಡಲು ಬಂದವರು ಯಾರೂ ಕೊನೆಯವರಾಗುವುದಿಲ್ಲ. ಕೊನೆಗೆ ಬರುವುದು ಆ ಸ್ವಯಂಸೇವಕರೇ. ತುಸು ಹೆಚ್ಚು ತೂಕದ ತಾಯಂದಿರು, ಮಂಡಿನೋವಿನ ಹಿರಿಯರು ‘ನಾವು ಬಂದರೆ ಎಲ್ಲರೂ ನಗುತ್ತಾರೆ’ ಎಂದು ಹಿಂದೇಟು ಹಾಕುವುದನ್ನು ನಾವು ಬೇಕಷ್ಟು ಕೇಳಿದ್ದೇವೆ. ಹಿಂದಿನಿಂದ ಒಬ್ಬರು ಹರಟುತ್ತಾ ಬರುತ್ತಾರೆ ಎಂದು ಮುಂಚಿತವಾಗಿ ತಿಳಿಸಿದರೆ ಆ ಹೆದರಿಕೆ ಬಹುಪಾಲು ಹೋಗುತ್ತದೆ. ಈ ಕೆಲಸಕ್ಕೆ ಊರಿನವರೆಲ್ಲರ ಪರಿಚಯವಿರುವ, ಅವಸರವಿಲ್ಲದ ಒಬ್ಬರನ್ನು ಆರಿಸಬೇಕು. ಅವರ ಕೈಯಲ್ಲಿ ಮೊಬೈಲ್ ಮತ್ತು ನೀರು ಇರಲಿ.

ಮನೆಯವರು ಒಟ್ಟಿಗೆ ಓಡುವಾಗ ಯಾರ ವೇಗ ಎಂಬ ಪ್ರಶ್ನೆ ಮೊದಲ ಇನ್ನೂರು ಮೀಟರಿನಲ್ಲೇ ಬರುತ್ತದೆ. ಮಕ್ಕಳು ಬಾಣದಂತೆ ಹೊರಡುತ್ತಾರೆ, ಅರ್ಧ ಕಿಲೋಮೀಟರ್ ದಾಟುವಾಗ ಹೊಟ್ಟೆಯ ಬದಿ ಹಿಡಿದುಕೊಂಡು ನಿಲ್ಲುತ್ತಾರೆ. ತಂದೆ ಆಗ ‘ಓಡು ಓಡು’ ಎಂದು ಬೊಬ್ಬೆ ಹಾಕಿದರೆ ಆ ಮಗು ಮುಂದಿನ ವರ್ಷ ಬರುವುದಿಲ್ಲ. ಮನೆಯಲ್ಲಿ ಯಾರು ನಿಧಾನವೋ ಅವರು ಮುಂದೆ, ಉಳಿದವರು ಅವರ ಜತೆಗೆ ಎಂದು ಹೊರಡುವ ಮೊದಲೇ ಮಾತಾಡಿಕೊಂಡರೆ ರಸ್ತೆಯಲ್ಲಿ ಜಗಳವಿರುವುದಿಲ್ಲ. ವೇಗವಾಗಿ ಓಡಲೇಬೇಕೆಂಬ ದೊಡ್ಡ ಮಗನೋ ಮಗಳೋ ಇದ್ದರೆ ಅವರನ್ನು ಅವರಷ್ಟಕ್ಕೆ ಬಿಡಿ. ಅವರು ಮುಗಿಸಿ, ಹಿಂದಕ್ಕೆ ನಡೆದು ಬಂದು ಅಜ್ಜಿಯ ಜತೆ ಸೇರಿಕೊಳ್ಳಲಿ.

ತಯಾರಿಗೆ ಆರರಿಂದ ಎಂಟು ವಾರ ಸಾಕು. ವಾರದಲ್ಲಿ ಮೂರು ದಿನ, ಮೊದಲು ಇಪ್ಪತ್ತು ನಿಮಿಷದ ನಡಿಗೆ, ಅನಂತರ ನಡುನಡುವೆ ಒಂದೆರಡು ನಿಮಿಷದ ಓಟ, ಮತ್ತೆ ನಿಧಾನಕ್ಕೆ ಓಟದ ಪಾಲು ಹೆಚ್ಚು. ಪಕ್ಕದವರೊಂದಿಗೆ ಮಾತಾಡುತ್ತಾ ಓಡಲು ಆಗುವಷ್ಟೇ ವೇಗ ಸರಿಯಾದ ವೇಗ. ದುಬಾರಿ ಶೂ ಬೇಕಾಗಿಲ್ಲ, ಆದರೆ ಓಟದ ದಿನವೇ ಹೊಸ ಶೂ ಹಾಕುವುದು ಬೇಡ; ಹಿಮ್ಮಡಿಯಲ್ಲಿ ಗುಳ್ಳೆ ಬರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರೂ, ಎದೆಯಲ್ಲಿ ನೋವು ಅಥವಾ ಮೆಟ್ಟಿಲೇರುವಾಗ ಅಸಾಧಾರಣ ಏದುಸಿರು ಬಂದವರೂ ವೈದ್ಯರನ್ನು ಕೇಳಿಯೇ ಹೆಸರು ಕೊಡಬೇಕು. ಅಸ್ತಮಾ ಇರುವ ಮಗುವಿನ ಇನ್‌ಹೇಲರ್ ಮನೆಯ ಮೇಜಿನ ಮೇಲಲ್ಲ, ಜತೆಗಿರುವವರ ಕಿಸೆಯಲ್ಲಿರಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಓಡಬಾರದು. ಸ್ವಲ್ಪ ಸಕ್ಕರೆ ಅಥವಾ ಬೆಲ್ಲ ಕೈಯಲ್ಲಿರಲಿ.

ಯಾವಾಗ, ಎಲ್ಲಿ

ಕರಾವಳಿಯಲ್ಲಿ ಓಟಕ್ಕೆ ಡಿಸೆಂಬರ್, ಜನವರಿ ಮತ್ತು ಫೆಬ್ರವರಿಯ ಮೊದಲ ದಿನಗಳೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಾರ್ಚ್‌ನಿಂದ ಮೇವರೆಗೆ ಸೆಕೆ ಮಾತ್ರವಲ್ಲ, ಗಾಳಿಯಲ್ಲಿ ತೇವವೂ ತುಂಬಿರುತ್ತದೆ. ಬೆವರು ಆರಿದರೆ ಮಾತ್ರ ದೇಹ ತಂಪಾಗುತ್ತದೆ. ತೇವದ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಘಟ್ಟದ ಮೇಲಿನ ಊರುಗಳಲ್ಲಿ ಆರಾಮವಾಗಿ ಓಡುವವರು ಇಲ್ಲಿಗೆ ಬಂದು ಬಸವಳಿಯುವುದು ಇದೇ ಕಾರಣದಿಂದ. ಜನವರಿಯಲ್ಲೂ ಮಂಗಳೂರಿನ ಹಗಲಿನ ತಾಪಮಾನ 32 ಡಿಗ್ರಿಯ ಆಸುಪಾಸಿಗೆ ಏರುತ್ತದೆ.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಗೆ ತುಸು ಮೊದಲು. ಆದುದರಿಂದ ಬೆಳಕು ಹರಿಯುತ್ತಿದ್ದಂತೆ, ಆರೂಮುಕ್ಕಾಲರ ಹೊತ್ತಿಗೆ ಹೊರಟು ಎಂಟೂಕಾಲರೊಳಗೆ ಕೊನೆಯವರೂ ಬಂದು ಮುಟ್ಟುವಂತೆ ನೋಡಿಕೊಳ್ಳಬೇಕು. ಭಾನುವಾರವಾದರೆ ಬೆಳಗಿನ ಬಲಿಪೂಜೆಯ ಸಮಯಕ್ಕೆ ಅಡ್ಡ ಬರುತ್ತದೆ. ಪೂಜೆ ಮುಗಿಸಿ ಎಂಟು ಗಂಟೆಗೆ ಓಟ ಎಂದರೆ ಬಿಸಿಲಿಗೆ ಬಿಟ್ಟ ಹಾಗೆ. ಧರ್ಮಗುರುಗಳ ಜತೆ ಚರ್ಚಿಸಿ ಓಟದ ನಂತರದ ಪೂಜೆಗೆ ಎಲ್ಲರೂ ಬರುವಂತೆ ಮಾಡಬಹುದು, ಇಲ್ಲವೇ ಶನಿವಾರ ಇಡಬಹುದು. ಜನವರಿಯಲ್ಲಿ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರದ ಹಬ್ಬ, ತಿಂಗಳ ಕೊನೆಯಲ್ಲಿ ಅತ್ತೂರು ಬಸಿಲಿಕದ ಮಹೋತ್ಸವ, ಜತೆಗೆ ನೆರೆಯ ಚರ್ಚ್‌ಗಳ ವಾರ್ಷಿಕ ಹಬ್ಬಗಳೂ ಇರುತ್ತವೆ. ದಿನ ಗೊತ್ತು ಮಾಡುವಾಗ ಅವನ್ನೂ ಊರಿನ ಜಾತ್ರೆ, ನೇಮ, ಶಾಲಾ ವಾರ್ಷಿಕೋತ್ಸವಗಳನ್ನೂ ನೋಡಿಕೊಳ್ಳಬೇಕು. ಓಟ ಊರಿನದ್ದಾಗಬೇಕಾದರೆ ಎಲ್ಲ ಮತದವರೂ ಬರಲು ಅನುಕೂಲವಿರಬೇಕಲ್ಲವೇ?

ದಾರಿಯ ವಿಷಯದಲ್ಲಿ ಒಂದು ಮಾತು ಖಂಡಿತ: ರಾಷ್ಟ್ರೀಯ ಹೆದ್ದಾರಿ 66 ದಾಟುವ ಅಥವಾ ಅದರ ಬದಿಯಲ್ಲಿ ಸಾಗುವ ಓಟ ಮಕ್ಕಳಿಗೆ ಬೇಡವೇ ಬೇಡ. ರೈಲ್ವೇ ಗೇಟ್ ಇರುವ ದಾರಿಯೂ ಬೇಡ. ಬೆಳಗ್ಗೆ ಮೀನಿನ ಲಾರಿ, ಹಾಲಿನ ವಾಹನ, ಮೊದಲ ಟ್ರಿಪ್ಪಿನ ಬಸ್ಸು ಒಳರಸ್ತೆಗಳಲ್ಲೂ ವೇಗವಾಗಿ ಬರುತ್ತವೆ. ಆದುದರಿಂದ ದಾರಿ ನೋಡುವವರು ಓಟ ನಡೆಯುವ ವಾರದ ದಿನ, ಅದೇ ಹೊತ್ತಿಗೆ ಹೋಗಿ ನೋಡಬೇಕು. ಸಂಜೆ ಐದು ಗಂಟೆಗೆ ನಿಶ್ಶಬ್ದವಾಗಿರುವ ರಸ್ತೆ ಬೆಳಗ್ಗೆ ಏಳಕ್ಕೆ ಹಾಗೆಯೇ ಇರುತ್ತದೆ ಎನ್ನುವಂತಿಲ್ಲ. ಬೀದಿನಾಯಿಗಳು ಗುಂಪು ಸೇರುವ ಜಾಗವೂ ಆಗ ಗೊತ್ತಾಗುತ್ತದೆ.

ಐದು ಕಿಲೋಮೀಟರಿನ ಒಂದೇ ದೊಡ್ಡ ಸುತ್ತಿಗಿಂತ ಚರ್ಚ್ ಅಥವಾ ಶಾಲೆಯ ಮೈದಾನದಿಂದ ಹೊರಟು ಒಂದೂಕಾಲು ಕಿಲೋಮೀಟರಿನ ಸುತ್ತನ್ನು ನಾಲ್ಕು ಬಾರಿ ಮಾಡುವುದನ್ನು ನಾವು ಮೆಚ್ಚುತ್ತೇವೆ. ಓಡುವವರಿಗೆ ಬೇಸರ ಎನ್ನುವವರಿದ್ದಾರೆ, ನಿಜ. ಆದರೆ ಆಂಬುಲೆನ್ಸ್ ಯಾವಾಗಲೂ ಹತ್ತಿರದಲ್ಲಿರುತ್ತದೆ, ಕಡಿಮೆ ಸ್ವಯಂಸೇವಕರು ಸಾಕಾಗುತ್ತದೆ, ಸುಸ್ತಾದ ಮಗು ಎರಡನೇ ಸುತ್ತಿಗೆ ನಿಲ್ಲಿಸಬಹುದು, ಓಡಲಾಗದ ಅಜ್ಜ ಕುರ್ಚಿಯಲ್ಲಿ ಕುಳಿತು ಮೊಮ್ಮಕ್ಕಳನ್ನು ನಾಲ್ಕು ಬಾರಿ ನೋಡಬಹುದು. ಸಮುದ್ರ ತೀರದಲ್ಲಿ ಓಡುವ ಆಸೆ ಹಲವರಿಗೆ. ಒಣ ಮರಳಿನಲ್ಲಿ ಕಾಲು ಹೂತು ಹಿಮ್ಮಡಿ, ಮೀನಖಂಡ ನೋಯುತ್ತದೆ. ಇಳಿತದ ಹೊತ್ತಿನಲ್ಲಿ ಸಿಗುವ ಗಟ್ಟಿ ಮರಳಿನಲ್ಲಿ ಮಕ್ಕಳ ಒಂದು ಕಿಲೋಮೀಟರ್ ಓಟ ಇಡಬಹುದು, ಅಷ್ಟೇ.

ಪೊಲೀಸ್ ಠಾಣೆಗೆ ದಾರಿಯ ನಕ್ಷೆ, ಸಮಯ, ಅಂದಾಜು ಜನಸಂಖ್ಯೆ, ಜವಾಬ್ದಾರರ ಹೆಸರುಗಳನ್ನು ಬರೆದು ಒಂದು ತಿಂಗಳ ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಪಂಚಾಯತ್ ಅಥವಾ ನಗರಾಡಳಿತಕ್ಕೂ ತಿಳಿಸಬೇಕು. ಮೈಕ್‌ಗೆ ಪ್ರತ್ಯೇಕ ಅನುಮತಿ ಬೇಕು; 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ದಾರಿಯ ಮನೆಯವರಿಗೆ ವಾಳೆಯ ಗುರಿಕಾರರ ಮೂಲಕ ಎರಡು ದಿನ ಮೊದಲು ಹೇಳಿ ಕಳುಹಿಸಿದರೆ ಗೇಟಿನ ಹೊರಗೆ ಕಾರು ನಿಲ್ಲಿಸುವುದಿಲ್ಲ, ನಾಯಿಯನ್ನೂ ಕಟ್ಟಿಹಾಕುತ್ತಾರೆ.

ರಸ್ತೆಯಲ್ಲಿ ಯಾರಾದರೂ ಬಿದ್ದರೆ

ಸಣ್ಣ ಓಟವಲ್ಲವೇ, ಏನಾಗುತ್ತದೆ ಎಂದು ಈ ಭಾಗವನ್ನು ಬಿಡುವ ಸಮಿತಿಗಳಿವೆ. ದೇಹಕ್ಕೆ ಓಟ ಸಣ್ಣದೋ ದೊಡ್ಡದೋ ಗೊತ್ತಿರುವುದಿಲ್ಲ. 108 ಸೇವೆ ತುರ್ತು ಕರೆಗಳಿಗಾಗಿ ಇರುವುದು. ನಮ್ಮ ಮೈದಾನದಲ್ಲಿ ಬೆಳಗ್ಗೆಯಿಂದ ಕಾಯಲು ಅಲ್ಲ. ಹತ್ತಿರದ ಆಸ್ಪತ್ರೆಯೊಂದಿಗೆ ಮಾತಾಡಿ ಒಂದು ಆಂಬುಲೆನ್ಸ್, ಒಬ್ಬ ವೈದ್ಯರು, ಇಬ್ಬರು ದಾದಿಯರನ್ನು ಗೊತ್ತು ಮಾಡಿಕೊಳ್ಳಬೇಕು. ನಮ್ಮ ಪ್ರತೀ ಚರ್ಚ್‌ನಲ್ಲೂ ನರ್ಸಿಂಗ್ ಕಲಿತವರು ಕೆಲವರಾದರೂ ಇರುತ್ತಾರೆ, ರಜೆಯಲ್ಲಿ ಗಲ್ಫ್‌ನಿಂದ ಬಂದವರೂ ಸೇರಿ. ಕೇಳಿದರೆ ಬೇಡವೆನ್ನುವವರು ಕಡಿಮೆ.

ಎರಡು ತುರ್ತು ಸ್ಥಿತಿಗಳ ಬಗ್ಗೆ ಎಲ್ಲ ಸ್ವಯಂಸೇವಕರಿಗೂ ತಿಳಿದಿರಬೇಕು. ಒಂದು, ಹೃದಯ ಸ್ತಂಭನ. ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಕೂಡಲೇ ಒಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಬೇಕು, ಇನ್ನೊಬ್ಬರು ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ಬಲವಾಗಿ ಒತ್ತಲು ಆರಂಭಿಸಬೇಕು. ದೊಡ್ಡವರಿಗೆ ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ, ವೈದ್ಯಕೀಯ ಸಹಾಯ ಬರುವವರೆಗೆ ನಿಲ್ಲಿಸದೆ. ನೀರು ಕುಡಿಸುವುದು, ಮುಖಕ್ಕೆ ನೀರು ಚಿಮುಕಿಸುತ್ತಾ ನಿಲ್ಲುವುದು ಇವೆಲ್ಲ ಅಮೂಲ್ಯ ನಿಮಿಷಗಳನ್ನು ಕಳೆಯುತ್ತವೆ. ಓಟಕ್ಕೆ ಎರಡು ವಾರ ಮೊದಲು ಒಂದು ಸಂಜೆ ವೈದ್ಯರಿಂದ ಗೊಂಬೆಯ ಮೇಲೆ ಇದರ ಅಭ್ಯಾಸ ಮಾಡಿಸಿದರೆ ಅದು ಓಟದ ದಿನಕ್ಕೆ ಮಾತ್ರವಲ್ಲ, ಆ ಊರಿಗೇ ಉಳಿಯುವ ವಿದ್ಯೆ.

ಎರಡನೆಯದು ಶಾಖಾಘಾತ. ಓಡುವಾಗ ಬರುವ ಶಾಖಾಘಾತದಲ್ಲಿ ಚರ್ಮ ಒಣಗಿರಬೇಕೆಂದಿಲ್ಲ, ಬೆವರಿನಿಂದ ಒದ್ದೆಯಾಗಿರಬಹುದು. ತಡವರಿಸುವುದು, ಅಸಂಬದ್ಧ ಮಾತು, ಕಾರಣವಿಲ್ಲದ ಸಿಟ್ಟು, ಕುಸಿದು ಬೀಳುವುದು ಇದರ ಲಕ್ಷಣಗಳು. ದೇಹದೊಳಗಿನ ತಾಪ 40 ಡಿಗ್ರಿ ದಾಟಿರುತ್ತದೆ. ಇಲ್ಲಿ ಮೊದಲು ತಂಪು ಮಾಡಬೇಕು, ಅನಂತರ ಸಾಗಿಸಬೇಕು. ಮಂಜುಗಡ್ಡೆ ಹಾಕಿದ ನೀರಿನ ದೊಡ್ಡ ತೊಟ್ಟಿಯಲ್ಲಿ ತಲೆ ಮೇಲಿಟ್ಟು ಕುಳ್ಳಿರಿಸುವುದು ಅತ್ಯುತ್ತಮ. ಅದಿಲ್ಲದಿದ್ದರೆ ಐಸ್ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಇಟ್ಟು ಬದಲಾಯಿಸುತ್ತಾ ಗಾಳಿ ಬೀಸಬೇಕು. ಘಟ್ಟದ ಮೇಲಿನವರಿಗೆ ಐಸ್ ಹುಡುಕುವುದೇ ಕಷ್ಟವಾದೀತು. ಮೀನುಗಾರಿಕೆಯ ನಮ್ಮೂರುಗಳಲ್ಲಿ ಐಸ್ ಪ್ಲಾಂಟ್‌ಗಳಿಗೆ ಬರವಿಲ್ಲ. ಎರಡು ಪೆಟ್ಟಿಗೆ ಐಸ್ ತಂದಿಡಲು ಒಬ್ಬರಿಗೆ ಹೇಳಿಟ್ಟರಾಯಿತು.

ನೀರಿನ ವ್ಯವಸ್ಥೆ ಅರ್ಧ ದಾರಿಯಲ್ಲಿ ಒಂದು, ಕೊನೆಯಲ್ಲಿ ಒಂದು. ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು; ಒತ್ತಾಯದಿಂದ ಲೀಟರ್‌ಗಟ್ಟಲೆ ಕುಡಿಸಿದರೆ ರಕ್ತದ ಉಪ್ಪಿನಂಶ ಇಳಿದು ಬೇರೆಯೇ ಅಪಾಯ ಬರುತ್ತದೆ. ಓಆರ್‌ಎಸ್ ಇಡುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ, ಒಂದು ಲೀಟರ್ ನೀರಿಗೆ ಕಲಸುವ 20.5 ಗ್ರಾಂ ಪೊಟ್ಟಣವನ್ನೇ ತನ್ನಿ. ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ನಿಷೇಧಿಸಿದೆ. ಪ್ಲಾಸ್ಟಿಕ್ ಲೋಟದ ಬದಲು ಚರ್ಚ್ ಹಾಲ್‌ನ ಸ್ಟೀಲ್ ಲೋಟಗಳನ್ನೇ ಬಳಸಬಹುದು. ತೊಳೆಯಲು ಜನ ಬೇಕು, ಅಷ್ಟೇ. ಮುಗಿಸಿ ಬಂದವರಿಗೆ ಮಜ್ಜಿಗೆ, ಪುನರ್ಪುಳಿ ಸರಬತ್ತು, ಬಾಳೆಹಣ್ಣು ಒಳ್ಳೆಯದು.

ಹಣ

ಉಳಿದೆಲ್ಲವೂ ಚೆನ್ನಾಗಿ ನಡೆದು ಹಣದ ಲೆಕ್ಕದಲ್ಲಿ ಎಡವಿದರೆ ಮುಂದಿನ ವರ್ಷ ಆ ಊರಿನಲ್ಲಿ ಓಟ ಇರುವುದಿಲ್ಲ. ಒಂದು ಉದಾಹರಣೆ ನೋಡೋಣ. ಇನ್ನೂರು ಮಂದಿ ತಲಾ 200 ರೂಪಾಯಿಯಂತೆ ಕೊಟ್ಟರೆ 40,000 ರೂಪಾಯಿ. ಟೀಶರ್ಟ್‌ಗೆ 160, ಪದಕಕ್ಕೆ 40 ಎಂದು ಹಿಡಿದರೆ ಅಲ್ಲಿಗೆ ಲೆಕ್ಕ ಸೊನ್ನೆ. ಮೈಕ್, ಶಾಮಿಯಾನ, ಉಪಾಹಾರ ಇನ್ನೂ ಬಾಕಿ. ಯಾರೂ ಒಂದು ಪೈಸೆ ಕದ್ದಿಲ್ಲ, ಆದರೂ ರೋಗಿಗೆ ಕೊಡಲು ಏನೂ ಇಲ್ಲ. ಇಂಥದ್ದು ನಾವು ತಿಳಿದಿರುವುದಕ್ಕಿಂತ ಹೆಚ್ಚು ಕಡೆ ನಡೆಯುತ್ತದೆ, ಮತ್ತು ಅದು ಗೊತ್ತಾಗುವುದು ಎಲ್ಲ ಮುಗಿದ ಮೇಲೆ.

ಆದುದರಿಂದ ಟೀಶರ್ಟ್, ಪದಕ ಬೇಡ. ಬೇಕೇ ಬೇಕೆನ್ನುವವರು ಅದರ ಹಣವನ್ನು ಬೇರೆಯಾಗಿ ಕೊಟ್ಟು ತೆಗೆದುಕೊಳ್ಳಲಿ. ಎದೆಗೆ ಚುಚ್ಚುವ ಸಂಖ್ಯೆಯ ಚೀಟಿ ಸಾಕು. ಮಕ್ಕಳ ಚೀಟಿಯ ಹಿಂದೆ ಹೆತ್ತವರ ಮೊಬೈಲ್ ಸಂಖ್ಯೆ ಬರೆದಿರಲಿ. ಉಪಾಹಾರವನ್ನು ವಾಳೆಗಳ ನಡುವೆ ಹಂಚಿಬಿಟ್ಟರೆ ಇಡ್ಲಿ ಒಂದು ಕಡೆಯಿಂದ, ಸಾಂಬಾರ್ ಇನ್ನೊಂದು ಕಡೆಯಿಂದ, ಚಾ ಮತ್ತೊಂದು ಕಡೆಯಿಂದ ಬರುತ್ತದೆ. ಅನಿವಾರ್ಯ ಖರ್ಚುಗಳನ್ನು ಒಬ್ಬಿಬ್ಬರು ದಾನಿಗಳು ಮೊದಲೇ ವಹಿಸಿಕೊಂಡರೆ ‘ನೀವು ಕೊಟ್ಟ ಹಣವೆಲ್ಲ ಉದ್ದೇಶಕ್ಕೇ ಹೋಗುತ್ತದೆ’ ಎಂದು ಧೈರ್ಯದಿಂದ ಹೇಳಬಹುದು. ಆ ಒಂದು ವಾಕ್ಯಕ್ಕೆ ಎಷ್ಟು ಬೆಲೆ ಇದೆಯೆಂದು ಮನೆಮನೆಗೆ ಹೋದವರಿಗೆ ಗೊತ್ತು.

ಪ್ರವೇಶ ಶುಲ್ಕಕ್ಕಿಂತ ಹೆಚ್ಚು ಬರುವುದು ಮಾತುಕೊಟ್ಟ ಹಣದಿಂದ. ಮಗು ಒಂದು ಕಾಗದ ಹಿಡಿದು ಮಾಮ, ದೊಡ್ಡಮ್ಮ, ಪಕ್ಕದ ಅಂಗಡಿಯವರ ಬಳಿ ಹೋಗಿ ‘ನಾನು ಒಂದು ಸುತ್ತು ಮುಗಿಸಿದರೆ ಎಷ್ಟು ಕೊಡುತ್ತೀರಿ’ ಎಂದು ಕೇಳಿ ಬರೆಸಿಕೊಳ್ಳುತ್ತದೆ. ಸುತ್ತಿಗೆ ಐವತ್ತು ರೂಪಾಯಿ ಎಂದು ಬರೆದ ಮಾವ, ನಾಲ್ಕು ಸುತ್ತು ಮುಗಿಸಿ ಬಂದ ಸೊಸೆಗೆ ಇನ್ನೂರು ಕೊಡಬೇಕು. ಓಟ ಮುಗಿದ ಒಂದು ವಾರದೊಳಗೆ ಸಂಗ್ರಹಿಸದಿದ್ದರೆ ಇಂಥ ಹಣ ಬರುವುದಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ಹಣ ಯಾರೊಬ್ಬರ ಸ್ವಂತ ಖಾತೆಗೂ, ಸ್ವಂತ ಫೋನಿನ ಯುಪಿಐಗೂ ಬರಬಾರದು. ಚರ್ಚ್ ಅಥವಾ ನೋಂದಾಯಿತ ಸಂಸ್ಥೆಯ ಖಾತೆಯಿರಲಿ, ತೆಗೆಯಲು ಇಬ್ಬರ ಸಹಿ ಬೇಕು. ನಗದಿಗೆ ಸಂಖ್ಯೆ ಹಾಕಿದ ರಸೀದಿ ಪುಸ್ತಕ, ಅದೇ ದಿನ ಇಬ್ಬರು ಕುಳಿತು ಎಣಿಕೆ, ಮರುದಿನ ಬ್ಯಾಂಕಿಗೆ. ತೆರಿಗೆ ರಿಯಾಯಿತಿಗೆ 80ಜಿ ಎಂದು ಜನ ಗುರುತಿಸುವ ರಸೀದಿಯನ್ನು ಅದಕ್ಕೆ ಮಾನ್ಯತೆ ಪಡೆದ ಸಂಸ್ಥೆ ಮಾತ್ರ ಕೊಡಬಹುದು, ಓಟದ ಸಮಿತಿ ಕೊಡುವಂತಿಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ.

ವಿದೇಶದಲ್ಲಿರುವ ನಮ್ಮವರು ಕೊಡುವ ಹಣದ ಬಗ್ಗೆ ವಿಶೇಷ ಎಚ್ಚರ ಬೇಕು. ಗಲ್ಫ್‌ನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅರ್ಥದಲ್ಲಿ ವಿದೇಶಿ ವಂತಿಗೆಯಲ್ಲ. ಆದರೆ ಕೆನಡಾ, ಅಮೆರಿಕ, ಇಂಗ್ಲೆಂಡಿನ ಪೌರತ್ವ ಪಡೆದವರ ಹಣ, ಅವರ ಬಳಿ ಓಸಿಐ ಕಾರ್ಡ್ ಇದ್ದರೂ, ವಿದೇಶಿ ವಂತಿಗೆಯೇ. ಅದನ್ನು ಈ ಕಾಯ್ದೆಯಡಿ ನೋಂದಣಿಯಿರುವ ಸಂಸ್ಥೆ ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ನಂತರ ಅದು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ. ಟೊರೊಂಟೊದ ಚಿಕ್ಕಪ್ಪ ಪ್ರೀತಿಯಿಂದ ಕಳುಹಿಸಿದ ಹತ್ತು ಸಾವಿರ ರೂಪಾಯಿ ಇಡೀ ಚರ್ಚ್‌ನ ಖಾತೆಯನ್ನು ತೊಂದರೆಗೆ ಸಿಲುಕಿಸಬಹುದು. ಮುಂಚಿತವಾಗಿಯೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ.

ಯಾರಿಗೆ, ಯಾವುದಕ್ಕೆ ಎಂಬುದನ್ನೂ ತಿಳಿದು ನಿರ್ಧರಿಸಬೇಕು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ. 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಡಯಾಲಿಸಿಸ್ ಜಿಲ್ಲಾಸ್ಪತ್ರೆ ಮತ್ತು ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಇದೆ. ಸರಕಾರ ಕೊಡುವುದನ್ನೇ ನಾವು ಓಡಿ ಕೂಡಿಸುವುದರಲ್ಲಿ ಅರ್ಥವಿಲ್ಲ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಬಾರಿ ಹೋಗುವ ರಿಕ್ಷಾ ಬಾಡಿಗೆ, ಜತೆಗೆ ಹೋಗುವವರ ಕೂಲಿ ನಷ್ಟ, ಯೋಜನೆಯಲ್ಲಿಲ್ಲದ ಔಷಧಿ, ಆ ಮನೆಯ ಮಕ್ಕಳ ಶಾಲಾ ಶುಲ್ಕ ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಮೂವತ್ತು ಸಾವಿರ ರೂಪಾಯಿ ದೊಡ್ಡ ಆಪರೇಷನ್‌ಗೆ ಏನೇನೂ ಸಾಲದು, ಆದರೆ ರಿಕ್ಷಾ ಬಾಡಿಗೆಗೆ ಹಲವು ತಿಂಗಳು ಬರುತ್ತದೆ. ಸಂತ ವಿನ್ಸೆಂಟ್ ಪಾವ್ಲ್ ಸಭೆಯಂತಹ, ಮನೆಗಳ ಸ್ಥಿತಿ ಬಲ್ಲ ಸಂಘಟನೆಗಳನ್ನು ಕೇಳಿದರೆ ನಿಜವಾದ ಅಗತ್ಯ ಗೊತ್ತಾಗುತ್ತದೆ.

ಆ ಕುಟುಂಬದವರ ಫೋಟೋವನ್ನು ಬ್ಯಾನರಿನಲ್ಲಿ ಹಾಕುವುದು, ವೇದಿಕೆಗೆ ಕರೆದು ಚೆಕ್ ಕೊಡುವುದು ನಮಗೆ ಸರಿ ಕಾಣುವುದಿಲ್ಲ. ಆ ಮನೆಯ ಮಗುವೂ ಅದೇ ಶಾಲೆಗೆ ಹೋಗುತ್ತದೆ, ಬಹುಶಃ ಅದೇ ಓಟದಲ್ಲಿ ಓಡುತ್ತದೆ. ‘ನಮ್ಮ ಊರಿನ ಮೂವರು ಡಯಾಲಿಸಿಸ್ ರೋಗಿಗಳ ಪ್ರಯಾಣ ವೆಚ್ಚಕ್ಕೆ’ ಎಂದು ಬರೆದರೆ ಸಾಕಾಗುತ್ತದೆ. ಒಬ್ಬರ ಬದಲು ಮೂವರೆಂದರೆ ಊರವರು ಊಹಿಸುವುದೂ ಕಷ್ಟ.

ಓಟದ ದಿನ ಮತ್ತು ಅನಂತರ

ದಿನದ ಕೆಲಸ ಹಿಂದಿನ ಸಂಜೆಯೇ ಮುಕ್ಕಾಲು ಪಾಲು ಮುಗಿದಿರಬೇಕು. ಪ್ರತೀ ತಿರುವಿನಲ್ಲಿ ಇಬ್ಬರು ಸ್ವಯಂಸೇವಕರು, ಅವರಿಗೆ ಕಡು ಬಣ್ಣದ ಅಂಗಿ ಅಥವಾ ಸ್ಕಾರ್ಫ್. ಒಬ್ಬರೇ ಇದ್ದರೆ ಚಾಕ್ಕೆ ಹೋದಾಗ ತಿರುವು ಖಾಲಿ. ಉದ್ಘಾಟನಾ ಭಾಷಣ ಓಟಕ್ಕೆ ಮೊದಲು ಬೇಡ. ಮಕ್ಕಳು ಮುಕ್ಕಾಲು ಗಂಟೆ ನಿಂತು, ಅತಿಥಿಗಳು ಒಬ್ಬೊಬ್ಬರಾಗಿ ಮಾತಾಡಿ, ಏಳೂವರೆಗೆ ಹಸಿರು ನಿಶಾನೆ ತೋರಿಸುವಾಗ ತಂಪು ಹೊತ್ತು ಕಳೆದಿರುತ್ತದೆ. ಅತಿಥಿಗಳು ನಿಶಾನೆ ತೋರಿಸಲಿ, ಮಾತು ಉಪಾಹಾರದ ಹೊತ್ತಿಗಿರಲಿ. ಸಾಧ್ಯವಾದರೆ ಅವರೂ ಒಂದು ಸುತ್ತು ನಡೆಯಲಿ! ಮುಗಿಸಿ ಬಂದವರ ಸಂಖ್ಯೆಯನ್ನು ಹೊರಟವರ ಸಂಖ್ಯೆಯ ಜತೆ ತಾಳೆ ನೋಡದೆ ಆಂಬುಲೆನ್ಸ್ ಕಳುಹಿಸಬಾರದು. ಅರ್ಧದಲ್ಲಿ ಬಿಟ್ಟು ಮನೆಗೆ ಹೋಗುವವರು ಚೀಟಿ ಒಪ್ಪಿಸಿ ಹೋಗಬೇಕೆಂದು ಮೊದಲೇ ಹೇಳಿರಬೇಕು, ಇಲ್ಲವಾದರೆ ಇಲ್ಲದವರನ್ನು ಹುಡುಕುತ್ತಾ ಸಮಿತಿಯವರು ಐದು ಕಿಲೋಮೀಟರ್ ಮತ್ತೆ ಓಡಬೇಕಾಗುತ್ತದೆ.

ಎರಡು ವಾರದೊಳಗೆ ಬಂದ ಹಣ, ಯಾರು ಯಾವ ಖರ್ಚು ವಹಿಸಿಕೊಂಡರು, ತಲಪಿದ ಮೊತ್ತ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಲೆಕ್ಕ ನೋಡಿದ ಇಬ್ಬರ ಸಹಿಯೊಂದಿಗೆ ಚರ್ಚ್‌ನ ಸೂಚನಾ ಫಲಕದಲ್ಲಿ ಹಾಕಬೇಕು. ಮಾತುಕೊಟ್ಟು ಇನ್ನೂ ಬಾರದ ಹಣವನ್ನು ಹೆಸರಿಲ್ಲದೆ ಬರೇ ಮೊತ್ತವಾಗಿ ತೋರಿಸಿದರೆ ಸಾಕು. ಭಾನುವಾರ ಅದನ್ನು ಓದಿದವರಲ್ಲಿ ಕೆಲವರು ಸೋಮವಾರ ಕಚೇರಿಗೆ ಬಂದು ಕೊಟ್ಟು ಹೋಗುತ್ತಾರೆ.